ಅಣ್ಣ ವಾಕಿಂಗ್ ಹೋಗುವ ದಾರಿ

ನನ್ನ ಅಣ್ಣ ದಿನಾ ಬೆಳಿಗ್ಗೆ ನಮ್ಮ ಮನೆಯ ಮುಂದೆ ಹಾದುಹೋಗುತ್ತಿದ್ದ. ಮನೆಯ ಮುಂದೆ ಎಂದೆ, ಮನೆಗೆ ಎನ್ನಲಿಲ್ಲ. ಈ ವ್ಯತ್ಯಾಸವನ್ನು ಈಗಲೇ ತಲೆಯಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಅವನು ವಿಮಾ ಕಂಪನಿಯೊಂದರಲ್ಲಿ ಮ್ಯಾನೇಜರು. ಹೀಗೇ ಕೂತಿದ್ದರೆ ಒಂದು ದಿನ ಕೂತಲ್ಲೇ ಹೋಗಿಬಿಡುತ್ತೀರಿ ಎಂದು ಡಾಕ್ಟರು ಹೆದರಿಸಿದ್ದೇ ತಡ, ಕಾಲಿಗೆ ಚಕ್ರ ಕಟ್ಟಿಕೊಂಡ. ಬಿಳಿ ಬೂಟು, ಬೆವರು ಹೀರುವ ಅಂಗಿ, ಹೆಜ್ಜೆ ಎಣಿಸುವ ವಾಚು ಎಲ್ಲ ಬಂತು. ಅಲ್ಲಿಯವರೆಗೆ ಬೀದಿಯ ತುದಿಯಿಂದ ಹಾಲು ತರುವುದಕ್ಕೂ ಕಾರು ತೆಗೆಯುತ್ತಿದ್ದವನು. ಈಗಲೂ ಹಾಲಿಗೆ ಕಾರೇ. ನಡೆಯುವುದೇನಿದ್ದರೂ ಆರೋಗ್ಯಕ್ಕೆ, ಇನ್ನು ಯಾವ ಕೆಲಸಕ್ಕಾದರೂ ನಡೆದರೆ ಮರ್ಯಾದೆ ಹೋಗುತ್ತದೆ ಎಂದುಕೊಂಡಿದ್ದಾನೋ ಏನೋ.

ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತೇನೆ. ಬಿಸಿ ರೋಲರಿನಿಂದ ಹೊರಬರುವ ಹಾಸಿಗೆ ಬಟ್ಟೆಗಳನ್ನು ಆ ತುದಿಯಲ್ಲೊಬ್ಬಳು ಈ ತುದಿಯಲ್ಲೊಬ್ಬಳು ಹಿಡಿದು ಮಡಚುವುದು, ಒಟ್ಟುವುದು, ಗಾಡಿಗೆ ತುಂಬಿ ವಾರ್ಡುಗಳಿಗೆ ತಳ್ಳಿಕೊಂಡು ಹೋಗುವುದು. ಒಂದು ಪಾಳಿ ಬಸ್ಸು ಶುರುವಾಗುವ ಮುಂಚೆ ಶುರುವಾಗುತ್ತದೆ, ಇನ್ನೊಂದು ಬಸ್ಸು ನಿಂತ ಮೇಲೆ ಮುಗಿಯುತ್ತದೆ. ಹಾಗಾಗಿ ಹೋಗುವುದೂ ಸೈಕಲ್ಲಿನಲ್ಲಿ, ಬರುವುದೂ ಸೈಕಲ್ಲಿನಲ್ಲಿ. ಹ್ಯಾಂಡಲಿಗೆ ತರಕಾರಿ ಚೀಲ, ಕ್ಯಾರಿಯರಿನಲ್ಲಿ ಅಮ್ಮನ ಮಾತ್ರೆ, ಮನಸ್ಸು ಬಂದಾಗಲೆಲ್ಲ ಕಳಚಿಕೊಳ್ಳುವ ಚೈನು. ಒಂದು ಬೆಳಿಗ್ಗೆ ಮಾರ್ಕೆಟ್ಟಿನಿಂದ ಹೀಗೇ ಬಂದು ಇಳಿದು, ಕಳಚಿದ ಚೈನು ಹಾಕುತ್ತಿದ್ದಾಗ ಅಣ್ಣ ಎದುರಾದ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನೀನೂ ಸ್ವಲ್ಪ ಎಕ್ಸರ್‌ಸೈಜ್ ಮಾಡ್ಬೇಕು ಪುಟ್ಟಿ, ಮೈ ಬಂದ್ಬಿಟ್ಟಿದೆ" ಎಂದು ಹೇಳಿ ನಿಲ್ಲದೆ ಮುಂದೆ ಹೋದ. ನನಗೆ ಐವತ್ತಾಗುತ್ತ ಬಂತು, ಒಂದು ಮಂಡಿ ಕೈಕೊಟ್ಟಿದೆ, ಅವನಿಗೆ ಮಾತ್ರ ನಾನಿನ್ನೂ ಪುಟ್ಟಿ. ಎಣ್ಣೆ ಮೆತ್ತಿದ ಕೈಯಲ್ಲಿ ಚೈನು ಹಿಡಿದುಕೊಂಡೇ ನಿಂತಿದ್ದೆ. ಮೈಯೆಲ್ಲ ಉರಿದುಹೋಯಿತು.

ಅಮ್ಮ ನನ್ನ ಜೊತೆ ಇರುತ್ತಾಳೆ. ಎರಡು ಕೋಣೆಯ ಬಾಡಿಗೆ ಮನೆ, ರಸ್ತೆಗೇ ಅಂಟಿಕೊಂಡಿದೆ. ಅಣ್ಣ ಹಾದುಹೋಗುವ ಹೊತ್ತಿಗಿಂತ ಮುಂಚೆಯೇ ಎದ್ದು, ತಲೆ ಬಾಚಿ, ಫ್ಲಾಸ್ಕಿನಲ್ಲಿ ಕಾಫಿ ತುಂಬಿಸಿಟ್ಟು, ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ಅವನು ಬರುತ್ತಿದ್ದ, ಕೈ ಎತ್ತುತ್ತಿದ್ದ, ಹೋಗುತ್ತಿದ್ದ. ಅಷ್ಟೆ. ಆಮೇಲೆ ಆ ಕಾಫಿಯನ್ನು ನಾವಿಬ್ಬರೂ ಕುಡಿಯುತ್ತಿದ್ದೆವು.

"ಒಂದು ನಿಮಿಷ ಒಳಗೆ ಬಂದು ಹೋಗೋ" ಎಂದು ಅಮ್ಮ ಮೊದಮೊದಲು ಕೂಗುತ್ತಿದ್ದಳು.

"ನಿಂತ್ರೆ ಹಾರ್ಟ್ ರೇಟ್ ಇಳಿದೋಗುತ್ತೆ ಅಮ್ಮಾ! ನಡೆದಿದ್ದೆಲ್ಲ ವೇಸ್ಟು! ಭಾನುವಾರ ಬರ್ತೀನಿ!"

ಭಾನುವಾರ ಅವನ ವಾಕಿಂಗ್ ಗೆಳೆಯರೆಲ್ಲ ಸೇರಿ ಊರಾಚೆ ಹೋಗುತ್ತಾರೆ. ಅವನು ನಮ್ಮ ಹೊಸ್ತಿಲು ತುಳಿದದ್ದು ಅಮ್ಮನ ಕಣ್ಣಿನ ಆಪರೇಷನ್ನಿನ ಸಮಯದಲ್ಲೇ ಕೊನೆ. ಆವತ್ತೂ ಕಾರು ಅಡ್ಡ ನಿಲ್ಲಿಸಿದ್ದೀನಿ ಎನ್ನುತ್ತ ನಿಂತುಕೊಂಡೇ ಮಾತಾಡಿ ಹೋಗಿದ್ದ.

ನಾನು ಬೈಯುತ್ತಿದ್ದೆ. ಅಮ್ಮ ಸೊಪ್ಪು ಹಾಕುತ್ತಿರಲಿಲ್ಲ. ಬೂಟಿನ ಲೇಸು ಬಿಚ್ಚಿತ್ತು ಅನ್ನುವಳು, ಇವತ್ತು ಕೆಮ್ಮುತ್ತಿದ್ದ ಅನ್ನುವಳು. ಮಗನ ಬಗ್ಗೆ ಅವಳಿಗೆ ಗೊತ್ತಿದ್ದದ್ದೆಲ್ಲ ಕಿಟಕಿಯಷ್ಟು ಅಗಲದ ರಸ್ತೆಯಲ್ಲಿ ಕಂಡದ್ದೇ.

ಹೀಗಿರುವಾಗ ಒಂದು ದಿನ ಕಾಫಿ ಕುಡಿಯುತ್ತ, "ಅವನಿಗೆ ನಿಲ್ಲೋಕಾಗಲ್ಲ ಅಂದ್ರೆ ಬೇಡ. ನಾನೇ ನಡೀತೀನಿ" ಎಂದಳು.

"ಎಲ್ಲಿಗೆ?"

"ಅವನ ಜೊತೆ. ಇಲ್ಲಿಂದ ಔಷಧಿ ಅಂಗಡಿ ತನಕ. ಅಷ್ಟು ದೂರ ಮಾತಾಡ್ಕೊಂಡು ಹೋದ್ರೆ ಸಾಕಪ್ಪಾ, ಇನ್ನೇನು ಬೇಕು?"

ಬಚ್ಚಲಿಗೆ ಹೋಗಲು ಗೋಡೆ ಹಿಡಿಯುವ ಹೆಂಗಸು. ನಾನು ನಕ್ಕುಬಿಟ್ಟೆ. ಅಮ್ಮ ನಗಲಿಲ್ಲ. ಮಾರನೆಯ ದಿನ ಕೋಣೆಯಿಂದ ಕೋಣೆಗೆ ನಡೆಯಲು ಶುರುಮಾಡಿದಳು. ಅದು ಹಿಡಿತಕ್ಕೆ ಬಂದಮೇಲೆ ನಾನು ಕ್ಯಾನ್ವಾಸ್ ಬೂಟು ತಂದುಕೊಟ್ಟೆ. ಬೀದಿಗಿಳಿದ ಮೇಲೆ ಹಿಡಿದುಕೊಳ್ಳಲು ಗೋಡೆ ಇರಲಿಲ್ಲ, ನನ್ನ ಸೈಕಲ್ ಇತ್ತು. ನಾನು ಹ್ಯಾಂಡಲ್ ಹಿಡಿದು ಮೆಲ್ಲಗೆ ತಳ್ಳುವುದು, ಅವಳು ಕ್ಯಾರಿಯರ್ ಹಿಡಿದುಕೊಂಡು ಪಕ್ಕದಲ್ಲಿ ಬರುವುದು. ಮಧ್ಯಾಹ್ನದ ಪಾಳಿ ಇದ್ದ ವಾರಗಳಲ್ಲೆಲ್ಲ ಇದೇ ಕೆಲಸ.

"ಏನಜ್ಜೀ, ಈ ವಯಸ್ಸಲ್ಲಿ ಸೈಕಲ್ ಕಲೀತಿದ್ದೀರಾ?" ಎಂದು ಬೇಕರಿಯವನು ಗೇಲಿ ಮಾಡಿದ.

"ಹೂಂ ಕಣಪ್ಪಾ, ಮುಂದಿನ ತಿಂಗಳು ರೇಸಿದೆ" ಎಂದಳು ಅಮ್ಮ.

ನಮ್ಮ ಹಿಂದೆ ಸಾಹೇಬನೂ ಬರುತ್ತಿದ್ದ. ಸಾಹೇಬ ಅಂದರೆ ಬೀದಿಯ ಮುದಿ ನಾಯಿ. ನಮ್ಮ ಗೇಟಿನ ಮುಂದೆ ಕಾಲು ಚಾಚಿ ಮಲಗಿರುತ್ತಾನೆ, ಯಾರು ಬಂದರೂ ಏಳುವುದಿಲ್ಲ. ಆ ಗತ್ತಿಗೆ ಅಮ್ಮನೇ ಇಟ್ಟ ಹೆಸರು. ಬಾಯಲ್ಲಿ ಹಲ್ಲಿಲ್ಲ. ಅಮ್ಮ ಕಾಫಿಯಲ್ಲಿ ಅದ್ದಿ ಕೊಟ್ಟ ಬ್ರೆಡ್ಡು ತಿಂದು ಅವಳ ಪಾದದ ಮೇಲೆ ಗಲ್ಲವಿಟ್ಟು ನಿದ್ದೆ ಮಾಡುತ್ತಿದ್ದ.

ಕೊನೆಗೊಂದು ದಿನ ಅಮ್ಮ ಸೈಕಲ್ ಬಿಟ್ಟು, ನನ್ನ ಕೈಯನ್ನೂ ಬಿಟ್ಟು, ಔಷಧಿ ಅಂಗಡಿಯವರೆಗೆ ನಡೆದಳು. ಆ ರಾತ್ರಿ ಊಟಕ್ಕೆ ಕೂತಾಗ ಅಣ್ಣನಿಗೆ ಹೇಳಬೇಕಾದ ಮಾತುಗಳನ್ನು ನನಗೆ ಒಪ್ಪಿಸಿದಳು. ದೊಡ್ಡ ಮಾತೇನಲ್ಲ. ಸಕ್ಕರೆ ಕಾಯಿಲೆ ಹೇಗಿದೆ ಎಂದು ಕೇಳಬೇಕು. ಮೊಮ್ಮಗಳು ಯಾವ ಕ್ಲಾಸು ಎಂದು ಕೇಳಬೇಕು, ಮರೆತುಹೋಗಿದೆ. ಅಪ್ಪ ಕನಸಿನಲ್ಲಿ ಬಂದಿದ್ದರು, ಅದನ್ನು ಹೇಳಬೇಕು. ಅಪ್ಪನ ಕನಸನ್ನು ನನಗೂ ಹೇಳಿರಲಿಲ್ಲ. ಅವನಿಗೆಂದೇ ಎತ್ತಿಟ್ಟಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಬೆಳಿಗ್ಗೆ ಅವನು ತಿರುವಿನಲ್ಲಿ ಕಾಣಿಸುವ ಹೊತ್ತಿಗೆ ಅಮ್ಮ ಇಸ್ತ್ರಿ ಬಟ್ಟೆ ಉಟ್ಟು, ಬೂಟು ಹಾಕಿಕೊಂಡು ಗೇಟಿನ ಹೊರಗೆ ನಿಂತಿದ್ದಳು.

"ಅಮ್ಮಾ! ನೀನ್ಯಾಕೆ ಆಚೆ ಬಂದೆ?"

"ನಿನ್ನ ಜೊತೆ ವಾಕಿಂಗ್ ಬರ್ತೀನಿ ಕಣೋ. ನೀನೇನೂ ನಿಲ್ಲೋದು ಬೇಡ."

ಅವನು ನಕ್ಕ. "ಪರವಾಗಿಲ್ವೇ!" ಎಂದ. ಇಬ್ಬರೂ ಹೊರಟರು. ನಾನು ಸೈಕಲ್ ಹಿಡಿದುಕೊಂಡು ಸ್ವಲ್ಪ ಹಿಂದೆ ಬಂದೆ. ನಾಲ್ಕು ಹೆಜ್ಜೆಗೆಲ್ಲ ಅವನು ವಾಚು ನೋಡಿಕೊಂಡ. ಅಮ್ಮನ ವೇಗಕ್ಕೆ ನಡೆದರೆ ಅದು ನಡಿಗೆಯೆಂದು ಆ ವಾಚು ಒಪ್ಪುತ್ತಿರಲಿಲ್ಲವೋ ಏನೋ. ನಿಂತಲ್ಲೇ ಮಂಡಿ ಎತ್ತಿ ಎತ್ತಿ ಹೆಜ್ಜೆ ಹಾಕತೊಡಗಿದ. ಅದೂ ಸಾಲದೆಂದು ಮುಂದಕ್ಕೆ ಓಡಿ ವಾಪಸು ಬಂದ. ಆಮೇಲೆ ಅಮ್ಮನ ಸುತ್ತ ಸುತ್ತಲು ಶುರುಮಾಡಿದ. ಅಮ್ಮ, "ನಿನ್ನ ಸಕ್ಕರೆ ಕಾಯಿಲೆ..." ಎಂದು ಬಲಕ್ಕೆ ತಿರುಗಿದರೆ ಅವನು ಎಡಕ್ಕಿರುತ್ತಿದ್ದ. "ಕನಸಲ್ಲಿ ನಿಮ್ಮಪ್ಪ..." ಎಂದು ಎಡಕ್ಕೆ ತಿರುಗಿದರೆ ಬೆನ್ನ ಹಿಂದಿನಿಂದ "ಹಾಂ, ಹೇಳು ಹೇಳು" ಎಂಬ ಸದ್ದು ಬರುತ್ತಿತ್ತು. ಬೇಕರಿಯವನು ಟ್ರೇ ಹಿಡಿದು ನಿಂತು ನೋಡುತ್ತಿದ್ದ. ಆವತ್ತು ಗೇಲಿ ಮಾಡಲಿಲ್ಲ.

ಔಷಧಿ ಅಂಗಡಿ ಬಂದಾಗ, "ಸೂಪರ್ ಅಮ್ಮಾ, ನಾಳೆ ನೋಡೋಣ" ಎಂದು ಬೆನ್ನು ತಟ್ಟಿ ಓಡಿದ.

ಮನೆಗೆ ಬಂದ ಅಮ್ಮನ ಮುಖ ಅರಳಿತ್ತು. "ನೋಡಿದ್ಯಾ? ನನ್ನ ಬಿಟ್ಟು ಹೋಗ್ಲಿಲ್ಲ. ಸುತ್ತಾನೇ ಇದ್ದ" ಎಂದಳು. ನಾನು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಅವಳ ಬೂಟು ಬಿಚ್ಚಿದೆ. ಪಾದ ಊದಿಕೊಂಡಿತ್ತು.

ಮಾರನೆಯ ದಿನ ಅಣ್ಣ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಅಮ್ಮ ಬೂಟು ಹಾಕಿಕೊಂಡು ಗೇಟಿನ ಬಳಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ವಾರ ಕಳೆದ ಮೇಲೆ ನಾನೇ ಫೋನ್ ಹಚ್ಚಿ ಅವಳ ಕಿವಿಗಿಟ್ಟೆ. ಹುಷಾರಿಲ್ಲವೇನೋ ಎಂದು ಹೆದರಿದ್ದಳು.

"ಹುಷಾರಾಗಿದ್ದೀನಮ್ಮಾ. ನಿಮ್ಮ ರಸ್ತೇಲಿ ನಾಯಿ ಕಾಟ ಜಾಸ್ತಿ ಆಯ್ತು. ಕಚ್ಚಿಗಿಚ್ಚಿದ್ರೆ ಕಷ್ಟ ಅಂತ ಈಗ ಬೇರೆ ಕಡೆ ಹೋಗ್ತೀನಿ."

ಅಮ್ಮ ಫೋನ್ ಕೆಳಗಿಟ್ಟು, "ನಾಯಿಯಂತೆ" ಎಂದಳು. ಅವಳ ಪಾದದ ಹತ್ತಿರ ಸಾಹೇಬ ಗೊರಕೆ ಹೊಡೆಯುತ್ತಿದ್ದ.

ಅಣ್ಣ ಎಲ್ಲಿ ನಡೆಯುತ್ತಾನೆಂದು ಅತ್ತಿಗೆಯನ್ನು ಕೇಳಿದೆ. ಈಜುಕೊಳದ ಹಿಂದಿನ ಪಾರ್ಕು ಎಂದರು. ರಜೆಯ ದಿನ ಸೈಕಲ್ ಹತ್ತಿ ಹೋದೆ. ದಾರಿಯುದ್ದಕ್ಕೂ ಅವನಿಗೆ ಹೇಳಬೇಕಾದ ಬೈಗುಳಗಳನ್ನು ಜೋಡಿಸಿಕೊಂಡೆ, ಒಂದಕ್ಕಿಂತ ಒಂದು ಚೆನ್ನಾಗಿದ್ದವು.

ಅವನು ನಡೆಯುತ್ತಿರಲಿಲ್ಲ. ಕಲ್ಲುಬೆಂಚಿನ ಮೇಲೆ ಬೂಟು ಬಿಚ್ಚಿ ಕೂತಿದ್ದ. ಸುತ್ತ ನಾಲ್ಕೈದು ಜನ ಅಂಥವೇ ಅಂಗಿಯವರು, ಎಲ್ಲರ ಕೈಯಲ್ಲೂ ಕಾಫಿ. ಯಾರದೋ ಜೋಕಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬೆಂಚಿನ ಕೆಳಗೆ ಎರಡು ನಾಯಿ. ಅಣ್ಣ ಬಿಸ್ಕತ್ತು ಮುರಿದು ಒಂದಕ್ಕೆ ಹಾಕುತ್ತಿದ್ದ.

ನನ್ನನ್ನು ನೋಡಿದವನೇ ಬರಿಗಾಲಲ್ಲೇ ಎದ್ದುಬಂದು ಪಕ್ಕಕ್ಕೆ ಕರೆದುಕೊಂಡು ಹೋದ.

"ಏನು ಪುಟ್ಟಿ? ಅಮ್ಮ ಹುಷಾರಾಗಿದ್ದಾಳೆ ತಾನೇ?"

"ನಾಯಿ ಕಾಟ ಅಂದ್ಯಂತೆ."

ಅವನು ಕೈಯಲ್ಲಿದ್ದ ಬಿಸ್ಕತ್ತಿನ ಚೂರು ನೋಡಿಕೊಂಡ. "ಮತ್ತಿನ್ನೇನು ಹೇಳ್ಲಿ? ನಿಧಾನ ಆಗ್ತೀಯ ಅನ್ಲಾ? ಬೇಜಾರ್ ಮಾಡ್ಕೊಳ್ಳಲ್ವಾ? ಆ ವಯಸ್ಸಲ್ಲಿ ರಸ್ತೇಲಿ ಬಿದ್ದು ಸೊಂಟ ಮುರ್ಕೊಂಡ್ರೆ ಯಾರು ಓಡಾಡ್ಬೇಕು? ನಿಂಗೆ ರಜ ಸಿಗುತ್ತಾ? ಅವಳ ಒಳ್ಳೇದಕ್ಕೇ ದಾರಿ ಬದಲಾಯಿಸಿದ್ದು. ನನ್ನ ಕಷ್ಟನೂ ನೋಡು, ಇಡೀ ದಿನದಲ್ಲಿ ನನಗೆ ಅಂತ ಇರೋದು ಇದೊಂದು ಗಂಟೆ."

ಜೋಡಿಸಿಕೊಂಡು ಬಂದಿದ್ದ ಬೈಗುಳ ಒಂದೂ ನಾಲಿಗೆಗೆ ಬರಲಿಲ್ಲ. ಬಂದದ್ದು ಬೇರೆ, ಈಗ ನೆನೆದರೂ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ಬೇಡಿಕೊಂಡೆ.

"ಮನೆಗೆ ಬರ್ಬೇಡ ಅಣ್ಣಾ. ನಿಲ್ಲೋದೂ ಬೇಡ. ಮೊದಲಿನ ಹಾಗೆ ಮುಂದೆ ಹಾದುಹೋಗು ಸಾಕು. ಅವಳನ್ನ ಕಿಟಕಿ ಹತ್ರ ಕೂರಿಸೋ ಜವಾಬ್ದಾರಿ ನಂದು."

"ನೋಡ್ತೀನಿ" ಎಂದ.

ನೋಡ್ತೀನಿ ಅಂದರೆ ಇಲ್ಲ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಅಮ್ಮನೊಬ್ಬಳಿಗೆ ಬಿಟ್ಟು. ಬೆಂಚಿನಿಂದ ಯಾರೋ, "ಯಾರು ಸಾರ್ ಅದು?" ಎಂದು ಕೂಗಿದರು. ಅವನು "ಬಂದೆ ಬಂದೆ" ಎಂದು ಹೋದ. ಯಾರೆಂದು ಹೇಳಿದನೋ ಇಲ್ಲವೋ ಗೊತ್ತಿಲ್ಲ.

ವಾಪಸು ಬಂದಾಗ ನಮ್ಮ ಬೀದಿಯಲ್ಲಿ ಅಮ್ಮ ನಿಂತಿದ್ದಳು. ಕೈಯಲ್ಲಿ ಕಿಟಕಿ ಪರದೆಯ ಕೋಲು. ಸಾಹೇಬ ರಸ್ತೆಯ ಆಚೆ ಬದಿಯಲ್ಲಿ ಕೂತು, ತನಗೇ ಹೇಳುತ್ತಿದ್ದಾಳೋ ಬೇರೆ ಯಾರಿಗೋ ಎಂದು ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದ. "ಹೋಗು! ಹಚಾ!" ಎಂದು ಅಮ್ಮ ಕೋಲು ಬೀಸಿದಳು. ಅವನು ಬಾಲ ಆಡಿಸುತ್ತ ಅವಳ ಹತ್ತಿರ ಬಂದ. ಎರಡನೇ ಸಲ ಕೋಲು ಅವನ ಬೆನ್ನಿಗೆ ತಾಗಿತು.

"ಅಮ್ಮಾ, ಅದಕ್ಕೆ ಹಲ್ಲೇ ಇಲ್ವಲ್ಲ!"

"ಹಲ್ಲಿಲ್ಲ ಅಂತ ನಿಮ್ಮಣ್ಣನಿಗೇನು ಗೊತ್ತು? ದೂರದಿಂದ ನೋಡಿ ಹೆದರ್ತಾನೆ. ಚಿಕ್ಕೋನಾಗಿದ್ದಾಗ್ಲೂ ಹಂಗೇ."

ಪಾರ್ಕಿನಲ್ಲಿ ಕಂಡದ್ದನ್ನು ಆ ಕ್ಷಣದಲ್ಲೇ ಹೇಳಿಬಿಡಬೇಕೆಂದುಕೊಂಡೆ. ಅವಳು ಕ್ಯಾನ್ವಾಸ್ ಬೂಟಿನ ಲೇಸನ್ನು ತಾನೇ ಕಷ್ಟಪಟ್ಟು ಕಟ್ಟಿಕೊಂಡಿದ್ದಳು. ಆಗಲಿಲ್ಲ.

ಅವತ್ತಿನಿಂದ ದಿನಾ ಬೆಳಿಗ್ಗೆ ಅಮ್ಮ ಕೋಲು ಹಿಡಿದು ಗೇಟಿನಿಂದ ಔಷಧಿ ಅಂಗಡಿಯವರೆಗೆ ಹೋಗುತ್ತಾಳೆ, ಬರುತ್ತಾಳೆ. ಹಿಡಿಯಲು ಸೈಕಲ್ ಬೇಕಾಗಿಲ್ಲ, ನಾನೂ ಬೇಕಾಗಿಲ್ಲ. ಅಣ್ಣನ ಜೊತೆ ಹೋಗಲು ಕಲಿತಾಗಿನದಕ್ಕಿಂತ ಈಗ ಚೆನ್ನಾಗಿ ನಡೆಯುತ್ತಾಳೆ. ಸಾಹೇಬ ಬೇಕರಿಯ ಹಿಂದೆ ಮಲಗುವುದನ್ನು ರೂಢಿ ಮಾಡಿಕೊಂಡಿದ್ದಾನೆ. ಅಮ್ಮ ಅದ್ದಿ ಕೊಡುತ್ತಿದ್ದ ಬ್ರೆಡ್ಡನ್ನು ನಾನು ಅವಳಿಗೆ ಕಾಣದ ಹಾಗೆ ಅಲ್ಲಿಗೇ ಹೋಗಿ ಹಾಕಿ ಬರುತ್ತೇನೆ.

ಮೊನ್ನೆ ಸರ್ವೆ ಮಾಡುವ ಹುಡುಗಿಯೊಬ್ಬಳು ಮನೆಗೆ ಬಂದಳು, ಕೊರಳಲ್ಲಿ ಗುರುತಿನ ಚೀಟಿ. ದೊಡ್ಡವರು ಎಷ್ಟು ಸಲ ನಡೆಯುತ್ತಾರೆ, ಎಷ್ಟು ಸಲ ಸೈಕಲ್ ತುಳಿಯುತ್ತಾರೆ, ಯಾತಕ್ಕೆ, ಎಂದು ಮನೆ ಮನೆಗೆ ಕೇಳಿಕೊಂಡು ಬರುತ್ತಿದ್ದಾರಂತೆ. ರಸ್ತೆ ಸರಿಮಾಡುವುದಕ್ಕಂತೆ. ನಾನು ಕೆಲಸಕ್ಕೆ ಹೊರಟಿದ್ದೆ. ಸೈಕಲ್ ಹಿಡಿದುಕೊಂಡೇ, "ದಿನಾ. ಹೊಟ್ಟೆಪಾಡಿಗೆ" ಎಂದೆ. ಅವಳು ಫೋನಿನ ಮೇಲೆ ಒತ್ತಿಕೊಂಡಳು.

"ಮನೇಲಿ ಇನ್ಯಾರಾದ್ರೂ ಇದ್ದಾರಾ ಆಂಟೀ?"

ಅಮ್ಮನ ಕಡೆ ಕೈ ತೋರಿಸಿದೆ. ಅವಳು ರಸ್ತೆ ಮುಗಿಸಿ ವಾಪಸು ಬರುತ್ತಿದ್ದಳು.

"ಅಜ್ಜೀ, ನೀವು ವಾರದಲ್ಲಿ ಎಷ್ಟು ದಿನ ನಡೀತೀರಿ?"

"ದಿನಾ ನಡೀತೀನಲ್ಲ."

"ವ್ಹಾ! ಯಾತಕ್ಕೆ ಅಜ್ಜೀ?"

"ನನ್ನ ಮಗ ನಡೀಲಿ ಅಂತ."

ಹುಡುಗಿ ನನ್ನ ಮುಖ ನೋಡಿದಳು. ಅಮ್ಮ ಕೋಲೂರಿ ನಿಂತು ಅವಳಿಗೆ ವಿವರಿಸಿದಳು: "ಇದು ಅವನು ವಾಕಿಂಗ್ ಹೋಗೋ ದಾರಿ ಕಣಮ್ಮಾ. ನಾಯಿಗಳಿದ್ವು ಅಂತ ಬಿಟ್ಟಿದ್ದ. ಈಗ ಒಂದೂ ಇಲ್ಲ, ನೋಡು ಬೇಕಾದ್ರೆ. ಆದ್ರೆ ಅವನಿಗೆ ಗೊತ್ತಾಗ್ಬೇಕಲ್ಲ? ಅಣ್ಣನಿಗೆ ಹೇಳೇ, ಹೇಳೇ ಅಂತ ಇವಳಿಗೆ ಬಡ್ಕೊಳ್ತೀನಿ. ಇವಳು ಹೇಳೋದೇ ಇಲ್ಲ. ಮೊದಲಿಂದ್ಲೂ ಇವಳಿಗೆ ಅವನನ್ನ ಕಂಡ್ರೆ ಅಷ್ಟಕ್ಕಷ್ಟೆ."

ಹುಡುಗಿ ಸ್ವಲ್ಪ ಹೊತ್ತು ಫೋನಿನಲ್ಲಿ ಹುಡುಕಿ, "ಈ ಲಿಸ್ಟಲ್ಲಿ ಅದು ಬರಲ್ಲ ಆಂಟೀ. ವ್ಯಾಯಾಮ ಅಂತ ಹಾಕ್ಕೊಳ್ಲಾ?" ಎಂದು ನನ್ನನ್ನು ಕೇಳಿದಳು.

"ಹಾಕ್ಕೊಳ್ಳಮ್ಮಾ" ಎಂದೆ.

ಸೈಕಲ್ ಹತ್ತಿ ಹೊರಟಾಗ ಹಿಂದಿನಿಂದ ಅಮ್ಮ ಕೂಗಿದಳು, "ಇವತ್ತಾದ್ರೂ ಅವನಿಗೆ ಹೇಳು!" ನಾನು ತಿರುಗದೆ, ಅಣ್ಣ ಎತ್ತುತ್ತಿದ್ದ ಹಾಗೆಯೇ ಒಂದು ಕೈ ಎತ್ತಿ, ನಿಲ್ಲದೆ ಮುಂದೆ ಹೋದೆ.