ಬೆನ್ನಿಲ್ಲದ ಗೌನು

“ಕೈ ಹಿಂದಿಟ್ಕೊಳ್ಳೇ ಬೋಸುಡಿ! ನೀಲಿ ಕೈಯಾಕಿನ್ನ ಆಫೀಸರ್ ಅಂತ ಯಾರ್ ನಂಬ್ತಾರ?”

ಕಾಲೇಜಿನ ಸೆಕ್ರೆಟರಿ ಚಿದಾನಂದಪ್ಪ ಬೈದ ಕೂಡಲೇ ಮೀನಾಕ್ಷಿ ಕೈ ಬಚ್ಚಿಟ್ಟಳು. ಬಳ್ಳಾರಿಯ ಜೀನ್ಸ್ ಘಟಕದಲ್ಲಿ ದಾರ ಕತ್ತರಿಸುವ ಕೈ; ಎಷ್ಟು ಉಜ್ಜಿದರೂ ಬಣ್ಣ ಬಿಡದು. ಕಾಲೇಜಿನ ಜಾಹೀರಾತು ಫೋಟೋಕ್ಕೆಂದು ತೊಡಿಸಿದ್ದ ಕರೀ ಪದವಿ ಗೌನಿಗೋ ಮುಂಭಾಗವಷ್ಟೇ ಇತ್ತು, ಹಿಂದೆ ಬರೀ ಪಿನ್ನು. ಅವಳಿಗೆ ನಗು ತಡೆಯಲಿಲ್ಲ. ಕ್ಯಾಮೆರಾ ಆ ನಗುವನ್ನೇ ಹಿಡಿಯಿತು.

ಅವಳು ಅದೇ ಕಾಲೇಜಿನಲ್ಲಿ ಬಿಎ ಮುಗಿಸಿದವಳು. ಈಗ ಬಿಎ ಅನ್ನುವಂತಿಲ್ಲ. “ಲಿಬರಲ್ ಆರ್ಟ್ಸ್ ಅನ್ನು. ಕಾಲೇಜಿಗೆ ಸೇರಾಕ ಆಟೋ ತುಂಬ ಹುಡುಗ್ಯಾರ್ನ ತಂದ್ರ ಆಫೀಸಿನಾಗ ನಿನಗೂ ಒಂದು ಕುರ್ಚಿ” ಎಂದಿದ್ದ ಸೆಕ್ರೆಟರಿ. ದಿನವಿಡೀ ನೆಲದಲ್ಲಿ ಮುದುಡಿ ಕೂರುವವಳು ಆ ಕುರ್ಚಿಯ ಕನಸಿನಲ್ಲಿ ಕಾಲು ಚಾಚಿ ಮಲಗಿದ್ದಳು.

ಬಾದನಹಟ್ಟಿ ಹಳ್ಳಿಯಲ್ಲಿ ಕಾಲೇಜಿನ ಪ್ರಚಾರದ ಆಟೋ ನಿಂತಿತು. ರಸ್ತೆ ತುಂಬ ಒಣಹಾಕಿದ ಬೇಸಿಗೆ ಭತ್ತ, ಹೆಂಗಸರು ಅದರಲ್ಲಿ ಕಾಲಲ್ಲೇ ಸಾಲೆಳೆಯುತ್ತಿದ್ದರು. ಆಟೋದ ಬೆನ್ನಿಗೆ ಕಟ್ಟಿದ ಫ್ಲೆಕ್ಸಿನಲ್ಲಿ ಮೀನಾಕ್ಷಿ ಹಲ್ಲು ಬಿಟ್ಟಿದ್ದಳು. ಪಕ್ಕದಲ್ಲಿ ಅದೇ ಗೌನು ತೊಟ್ಟು ಅಸಲಿ ಮೀನಾಕ್ಷಿ.

ಚಿದಾನಂದಪ್ಪ ಮೈಕು ಹಿಡಿದ. “ನೋಡ್ರೆವ್ವಾ, ನಮ್ಮ ಲಿಬರಲ್ ಆರ್ಟ್ಸ್ ಹುಡುಗಿ! ಬಟ್ಟಿ ಕಂಪನ್ಯಾಗ ಆಫೀಸರ್!”

ಕೂಲಿಗೆ ಸಿಕ್ಕ ಭತ್ತ ಒಣಗಿಸುತ್ತಿದ್ದ ವಿರೂಪಮ್ಮ ಮಗಳನ್ನೆಳೆದುಕೊಂಡು ಬಂದಳು. “ಯವ್ವಾ, ಇರೋದು ಒಂದ ಎಮ್ಮಿ. ಮಾರಿ ಸೇರಿಸ್ತೀನಿ. ಇಕಿನೂ ನಿನ್ನಂಗ ಆಗ್ತಾಳಲ್ಲ?”

ನಿನ್ನಂಗ! ಮೀನಾಕ್ಷಿಯ ಹೊಟ್ಟೆಯಿಂದ ನಗು ಉಕ್ಕಿ ಬಂತು. ಮೈಕು ಕಸಿದಳು.

“ಆಗ್ತಾಳ ಅತ್ತಿ, ಥೇಟ್ ನನ್ನಂಗ!” ನೀಲಿ ಕೈ ಎರಡೂ ಮೇಲೆತ್ತಿ ಗಿರ್ರನೆ ತಿರುಗಿದಳು. ಪಿನ್ನು ಹಾರಿತು, ಗೌನಿನ ಹಿಂದೆ ಮಾಸಿದ ಚೂಡಿದಾರ. “ದಾರ ಕತ್ತರಿಸ್ತೀನಿ ನಾನು! ಓದೋ ಆಸಿ ಭಾಳ ಇತ್ತು, ಈ ಕಾಲೇಜಿನಾಗ ಪಾಠ ಹೇಳಾಕ ಮಾಸ್ತರೇ ಇದ್ದಿಲ್ಲ. ಎಮ್ಮಿ ಕೊಳ್ಳೋವಾಗ ಕೆಚ್ಚಲ ನೋಡಂಗಿಲ್ಲೇನು? ಹಂಗ, ಮದ್ಲು ಮಾಸ್ತರ್ನ ತೋರ್ಸು ಅನ್ರಿ!”

ರಸ್ತೆಯೇ ಕೇಕೆ ಹಾಕಿತು.

“ಕೊಡೇ ಮೈಕ್! ಕುರ್ಚಿ ಬ್ಯಾಡೇನು ನಿನಗ?”

“ಅದರಾಗ ಒಬ್ಬ ಮಾಸ್ತರ್ನ ಕುಂದರ್ಸ್ರಿ ಸರ!”

ಅಷ್ಟರಲ್ಲಿ ದಪ್ಪ ಹನಿ ಉದುರಿದವು. “ಮಳಿ! ನನ್ನ ಭತ್ತ!” ವಿರೂಪಮ್ಮ ಚೀರಿದಳು. ಹೆಂಗಸರು ಭತ್ತ ಬಳಿದು ಗುಡ್ಡೆ ಮಾಡಿದರು, ಹೊದಿಸಲು ತಾಡಪತ್ರಿ ಇಲ್ಲ. ಮೀನಾಕ್ಷಿ ಸೊಂಟದಿಂದ ದಾರದ ಕತ್ತರಿ ತೆಗೆದಳು. ಚಕ್, ಚಕ್. ಫ್ಲೆಕ್ಸಿನ ಹಗ್ಗ ಹರಿದವು. ಎಳೆದು ಭತ್ತದ ಗುಡ್ಡೆಗೆ ಹೊದಿಸಿದಳು.

“ಏಳ್ರೇ! ಕಾಲೇಜಿನ ಆಸ್ತಿ ಐತಿ ಅದು!” ಚಿದಾನಂದಪ್ಪ ಒಂದು ತುದಿ ಜಗ್ಗಿದ. ಗಾಳಿಗೆ ಹಾರದಂತೆ ಅದರ ಅಂಚಿಗೆಲ್ಲ ಕುಂತಿದ್ದ ಹೆಂಗಸರು ನೆನೆಯುತ್ತ ನಗುತ್ತಿದ್ದರು. ಒಬ್ಬಳೂ ಏಳಲಿಲ್ಲ.

ಮೀನಾಕ್ಷಿ ಫ್ಲೆಕ್ಸಿನಲ್ಲಿದ್ದ ತನ್ನದೇ ಗದ್ದದ ಮೇಲೆ ಹೋಗಿ ಕುಂತು, ಎರಡೂ ಕಾಲು ಚಾಚಿದಳು.