ರೈಲು ಬಂದಾಗ ಹಾಡುವವ

ಗುಂಡಿಯ ಅಂಚಿನಲ್ಲಿ ಬಾಗಿ ಸಾತಪ್ಪ ಸತ್ತ ಮಗನ ಮಡಿಲಿಗೆ ಅವನ ವಸ್ತುಗಳನ್ನು ಒಂದೊಂದೇ ಇಳಿಬಿಡುತ್ತಿದ್ದ. ಖಾನಾಪುರದ ಹೊಲದಲ್ಲಿ ತೋಡಿದ ಸಮಾಧಿಯೊಳಗೆ ಬಾಳೇಶನನ್ನು ಕೂರಿಸಿ ಆಗಿತ್ತು. ಹೋದವನಿಗೆ ಪ್ರಿಯವಾದದ್ದನ್ನು ಜೊತೆಗೆ ಕೊಟ್ಟು ಕಳಿಸುವುದು ಆ ಮನೆಯ ಪದ್ಧತಿ. ತಂಬಾಕಿನ ಚೀಲ ಹೋಯಿತು, ಕನ್ನಡಕ ಹೋಯಿತು, ಆಮೇಲೆ ಅಂಗೈಯಗಲದ ಒಂದು ಕರಿ ಡಬ್ಬಿ.

"ದಿಂಬಿನ ಬಾಜೂಕ ಇಟಗೊಂಡ ಮಲಗತಿದ್ದ. ಇದನ್ನ ಬಿಟ್ಟ ಹೆಂಗ ಹೋಗತಾನ?" ಎಂದ ಸಾತಪ್ಪ.

ಹೆಂಗಸರ ನಡುವೆ ನಿಂತಿದ್ದ ಬಾಳೇಶನ ಹೆಂಡತಿ ಪ್ರಮಿಳಾ ಡಬ್ಬಿಯನ್ನು ಗುರುತಿಸಿ ಕತ್ತೆತ್ತಿದಳು. ನಿನ್ನೆ ಯಂತ್ರದ ಮುಂದೆ ಎದೆ ಹಿಡಿದು ಕುಸಿದ ಗಂಡ ಬೆಳಗಾವಿಯ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿದ್ದ. ಆಗಿನಿಂದ ಕಲ್ಲಾಗಿದ್ದವಳು ಈಗ ಒಂದು ಹೆಜ್ಜೆ ಮುಂದಿಟ್ಟಳು. ಮಚ್ಛೆಯ ಕಾರ್ಖಾನೆಯಲ್ಲಿ ಬಾಳೇಶನ ಜೊತೆಗಾರನಾಗಿದ್ದ ಅಯಾಜ ಮೆಲ್ಲಗೆ ಪಕ್ಕಕ್ಕೆ ಬಂದ.

"ವೈನಿ, ಅದು ಹಾರ್ಡ್‌ಡಿಸ್ಕ್ ಅಲ್ಲೇನ್ರಿ? ಅಂವ ಹಾಡಿದ ಆಲ್ಬಂ ಅದರಾಗ ಐತಿ."

"ಬ್ಯಾರೆ ಕಡೆ ಇಲ್ಲೇನು?"

"ಎಲ್ಲೂ ಇಲ್ರಿ. ಲ್ಯಾಪ್‌ಟಾಪ್ ಕೆಟ್ಟ ಮ್ಯಾಲೆ ಎಲ್ಲಾ ಅದರಾಗನ ಹಾಕಿದ್ದ. ಇಂಟರ್ನೆಟ್ಟಿನಾಗ ಯಾವ್ಯಾವ ದೇಶದ ಮಂದಿ ಆ ಹಾಡಿಗೆ ಕಾಯಾಕತ್ತಾರ. ಮಣ್ಣ ಬಿದ್ದರ ಮುಗೀತು."

ಬಸಯ್ಯ ಅಯ್ಯನವರು ಮಂತ್ರ ಮುಗಿಸಿದರು. ಸಲಿಕೆಗಳು ಮಣ್ಣಿಗಿಳಿದವು.

*

ದೇಸೂರ ಸ್ಟೇಷನ್ನಿನ ಹಿಂದಿನ ಬಾಡಿಗೆ ಮನೆಯಲ್ಲಿ ಬಾಳೇಶ ಹಾಡುತ್ತಿದ್ದದ್ದು ರೈಲು ಬಂದಾಗ ಮಾತ್ರ. ಹಾಡು ಅಂದರೆ ನಮ್ಮ ನಿಮ್ಮ ಹಾಡಲ್ಲ ಬಿಡಿ. ಬ್ಲ್ಯಾಕ್ ಮೆಟಲ್ ಅಂತೆ. ಗಿಟಾರು ಗರಗಸದ ಹಾಗೆ ಒರಲುತ್ತದೆ, ಡ್ರಮ್ಮು ಉಸಿರಾಡಲು ಬಿಡುವುದಿಲ್ಲ, ಹಾಡುವವನು ಗಂಟಲು ಹರಿಯುವಂತೆ ಕಿರುಚುತ್ತಾನೆ. ಎಲ್ಲವೂ ಇವನೊಬ್ಬನದೇ. ಗೂಡ್ಸ್ ಗಾಡಿಯ ಸದ್ದು ಕೇಳಿದ್ದೇ ತಡ, ಕೌದಿ ಹೊದ್ದು ಮೈಕಿನ ಮುಂದೆ ಕೂರುತ್ತಿದ್ದ. ಗಾಡಿ ಹೋಗುವುದರೊಳಗೆ ಕಿರುಚಿ ಮುಗಿಸಬೇಕು, ಇಲ್ಲವಾದರೆ ಓಣಿಯವರು ಬಂದು ಬಾಗಿಲು ಬಡಿಯುತ್ತಿದ್ದರು. ಹೀಗಾಗಿ ಗಾಡಿಯ ಸದ್ದೂ ಹಾಡಿನೊಳಗೆ ಸೇರಿಹೋಯಿತು.

ಮೊದಮೊದಲು ಪ್ರಮಿಳಾ ಕಿವಿ ಮುಚ್ಚಿಕೊಂಡಳು. ಆಮೇಲೊಂದು ದಿನ, ತವರಿನವರೂ ಗಂಡನ ಮನೆಯವರೂ ಒಂದಾಗಿ "ಸುಮ್ನಿರವಾ" ಎಂದು ಅವಳ ಬಾಯಿ ಮುಚ್ಚಿಸಿದ ದಿನ, ತಾನೇ ಗಂಡನಿಂದ ಇಯರ್‌ಫೋನ್ ಕೇಳಿ ಪಡೆದು ಹಾಕಿಕೊಂಡಳು. ಈ ಹಾಡು ಯಾರಿಗೂ ಸುಮ್ಮನಿರು ಅನ್ನುತ್ತಿರಲಿಲ್ಲ. ಎದೆಯ ಮೇಲಿನ ಭಾರ ಇಳಿದಂತಾಗಿ, ಇನ್ನೊಮ್ಮೆ ಹಚ್ರಿ ಅಂದಳು.

"ನಿಮ್ಮಪ್ಪಗ ಒಮ್ಮೆ ಕೇಳಸ್ರಿ."

"ಅ... ಅಪ್ಪನ ಮುಂದ ನ... ನನಗ ಬಾಯಿನ ಬರೂದಿಲ್ಲ," ಎಂದು ಬಾಳೇಶ ನಕ್ಕಿದ್ದ. ಮಾತಿಗೆ ನಿಂತರೆ ಉಗ್ಗುವ ಗಂಡ ಆ ಕಿರುಚಾಟದಲ್ಲಿ ಒಂದು ಸಲವೂ ಉಗ್ಗಿರಲಿಲ್ಲ.

*

"ತಡೀರಿ. ಮಣ್ಣ ಹಾಕಬ್ಯಾಡ್ರಿ."

ಪ್ರಮಿಳಾ ಗಂಡಸರ ಸಾಲು ದಾಟಿ ಗುಂಡಿಯ ಅಂಚಿಗೆ ಬಂದುಬಿಟ್ಟಿದ್ದಳು. "ಆ ಡಬ್ಬಿ ನನಗ ಬೇಕು."

"ಸತ್ತವರಿಗೆ ಕೊಟ್ಟಿದ್ದ ಹೊಳ್ಳಿ ತಗೋಬಾರದವಾ," ಎಂದರು ಬಸಯ್ಯ. "ಮನಿತನಕ್ಕ ಚಲೋ ಅಲ್ಲ."

ಗಂಡನ ಸೋದರತ್ತೆ ಸಂಗವ್ವ ಅವಳ ರಟ್ಟೆ ಹಿಡಿದು ಎಳೆದಳು. "ನಾಕು ಮಂದಿ ಮುಂದ ಮಾನಾ ಕಳೀಬ್ಯಾಡ. ನಡಿ."

ಪ್ರಮಿಳಾ ಕೊಸರಿಕೊಂಡಳು. ಒಂದು ಸಲಿಕೆ ಮಣ್ಣು ಆಗಲೇ ಬಾಳೇಶನ ಪಾದದ ಬಳಿ ಬಿದ್ದಿತ್ತು. ಸಾತಪ್ಪ ಸೊಸೆಯನ್ನು ನುಂಗುವಂತೆ ನೋಡಿದ.

"ಅಂಥಾದ್ದೇನೈತಿ ಅದರಾಗ? ಬಂಗಾರ ಐತೇನು?"

"ನಿಮ್ಮ ಮಗನ ದನಿ ಐತ್ರಿ, ಮಾವಾರ."

"ಅಂವ ಎಲ್ಲಿ ಮಾತಾಡತಿದ್ದ? ನನ್ನ ಜೋಡಿ ಒಂದ ಮಾತು ನೆಟ್ಟಗ ಆಡಿದಾಂವ ಅಲ್ಲ."

"ಇದರಾಗ ಹಾಡ್ಯಾನ್ರಿ. ಒಮ್ಮೆನೂ ಉಗ್ಗಿಲ್ರಿ."

ಸಲಿಕೆ ಹಿಡಿದವರು ಬಸಯ್ಯನವರ ಮುಖ ನೋಡಿದರು, ಬಸಯ್ಯ ಸಾತಪ್ಪನ ಮುಖ ನೋಡಿದರು. ಸಾತಪ್ಪ ತಲೆಯ ರುಮಾಲು ತೆಗೆದು ಮಣ್ಣಿನ ಮೇಲಿಟ್ಟ. ಯಾರ ಕೈಯನ್ನೂ ಹಿಡಿಯದೆ ಗುಂಡಿಗೆ ಇಳಿದ. ವಿಭೂತಿ ತುಂಬಿದ ಮಡಿಲಿಗೆ ಕೈಹಾಕಿ ಡಬ್ಬಿ ತೆಗೆದು ಧೋತರದ ತುದಿಯಿಂದ ಒರೆಸಿದ. ಪ್ರಮಿಳಾ ಕೈಚಾಚಿದಳು. ಅವನು ಮೇಲಕ್ಕೆ ಕೊಡಲಿಲ್ಲ. ಮಗನ ಎದುರಿಗೆ ಹಾಗೇ ಕುಕ್ಕರಗಾಲಲ್ಲಿ ಕೂತು, ಡಬ್ಬಿಯನ್ನು ಕಿವಿಗೆ ಒತ್ತಿ ಹಿಡಿದ.