ಡ್ರಾಯರಿಗೆ ಬಿದ್ದ ಮಷೀನು

ಕಾರ್ಡ್ ಮಷೀನು ಮೊಂಡು ಹಿಡಿದರೆ ಚಿಕ್ಕಮ್ಮ ಅದನ್ನು ಆಫ್ ಮಾಡಿ ಡ್ರಾಯರಿಗೆ ಹಾಕುತ್ತಾಳೆ. ಸ್ವಲ್ಪ ಹೊತ್ತು ಕತ್ತಲಲ್ಲಿ ಬಿದ್ದಿದ್ದರೆ ಬುದ್ಧಿ ಬರುತ್ತದೆ ಎನ್ನುತ್ತಾಳೆ. ನಮ್ಮ ಕನ್ನಡಕದ ಅಂಗಡಿಯಲ್ಲಿ ಎರಡು ಬ್ಯಾಂಕುಗಳ ಎರಡು ಮಷೀನುಗಳಿರುವುದು ಇದಕ್ಕೇ ಎಂದು ಅವಳ ನಂಬಿಕೆ.

ಆ ಮಧ್ಯಾಹ್ನವೂ ಹಾಗೇ ಆಯಿತು. ಪಕ್ಕದ ಬೀದಿಯ ದರ್ಜಿಯಾಕೆ ಹೊಸ ಕನ್ನಡಕ ಒಯ್ಯಲು ಬಂದಿದ್ದರು. ಮಗಳಿಗೆ ದಿನ ತುಂಬಿದೆ, ಸಂಜೆಯ ಬಸ್ಸಿಗೆ ಹೊರಡಬೇಕು, ಮೊಮ್ಮಗುವಿನ ಮುಖ ಮಬ್ಬಾಗಿ ಕಾಣಬಾರದಲ್ಲ ಎಂದು ನಗುತ್ತಿದ್ದರು. ಅವರದು ಸಣ್ಣ ಮಿತಿಯ ಕ್ರೆಡಿಟ್ ಕಾರ್ಡು. ಮೊದಲ ಮಷೀನು ಅದನ್ನು ಓದಿ, ಬಹಳ ಹೊತ್ತು ಕಾಯಿಸಿ, ಸಂಪರ್ಕ ಕಡಿದಿದೆ ಎಂದು ತೋರಿಸಿತು. ಚಿಕ್ಕಮ್ಮ ಅದನ್ನು ಡ್ರಾಯರಿಗೆ ತಳ್ಳಿದಳು. ಎರಡನೆಯದರಲ್ಲಿ ಚೀಟಿ ಸಲೀಸಾಗಿ ಬಂತು. ದರ್ಜಿಯಾಕೆ ಹೋದರು.

ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ನಾನು ಹೋಗುವ ಬ್ಯಾಂಕಿಂಗ್ ಸಂಜೆ ತರಗತಿಯ ಮೇಷ್ಟ್ರು ಹೇಳಿದ್ದು ನೆನಪಾಗುತ್ತಿತ್ತು. ಮಷೀನು ಕೇಳುತ್ತದೆ; ಕಾರ್ಡು ಕೊಟ್ಟ ಬ್ಯಾಂಕು ಮಿತಿ ನೋಡಿ 'ಆಗಲಿ' ಎನ್ನುತ್ತದೆ; ಅಂದ ಕ್ಷಣವೇ ಅಷ್ಟನ್ನು ತಡೆದಿಡುತ್ತದೆ. ಆ 'ಆಗಲಿ' ವಾಪಸ್ಸು ಬರುವಾಗ ದಾರಿಯಲ್ಲಿ ಕಳೆದುಹೋಗಿದ್ದರೆ? ನಮಗೆ ಚೀಟಿಯಿಲ್ಲ, ಅವರ ಮಿತಿಗೆ ಮಾತ್ರ ಬೀಗ. ನಾನು ಸರಿಯಾಗಿ ಕೇಳಿಸಿಕೊಂಡಿದ್ದೆನೋ ಇಲ್ಲವೋ ಎಂಬ ಅನುಮಾನವೂ ಇತ್ತು; ಆ ದಿನ ತರಗತಿಯಲ್ಲಿ ತೂಕಡಿಸಿದ್ದೆ.

ಚಿಕ್ಕಮ್ಮನಿಗೆ ಹೇಳಿದೆ. ಚೀಟಿ ಬರಲಿಲ್ಲವೆಂದರೆ ದುಡ್ಡೂ ಹೋಗಲಿಲ್ಲ, ನಿನಗೆ ತಲೆ ಕೆಡಿಸಿಕೊಳ್ಳಲು ಏನಾದರೊಂದು ಬೇಕು ಅಷ್ಟೆ ಎಂದಳು. ಕನ್ನಡಿ ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಸಂಜೆ ಅಂಗಡಿಯ ಫೋನು ಬಡಿದುಕೊಂಡಿತು. ದರ್ಜಿಯಾಕೆ. ಟಿಕೆಟ್ ಕಿಟಕಿಯಲ್ಲಿ ಕಾರ್ಡು ಒಪ್ಪುತ್ತಿಲ್ಲ, ಮಿತಿ ಮೀರಿದೆಯಂತೆ. ಕೈಯಲ್ಲಿ ಬೇರೆ ಕಾಸಿಲ್ಲ, ಬಸ್ಸು ಹೊರಡುವುದರಲ್ಲಿದೆ.

"ಎರಡು ಸಲ ತಗೊಂಡ್ರೇನಮ್ಮ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಚುಚ್ಚಿತು.

ಮೇಷ್ಟ್ರು ಇನ್ನೊಂದು ಮಾತೂ ಹೇಳಿದ್ದರು. ಉತ್ತರ ಸಿಗದ ಮಷೀನು, ಮತ್ತೆ ಸಂಪರ್ಕ ಸಿಕ್ಕ ಕೂಡಲೇ, ನಾನು ಕೇಳಿದ್ದನ್ನು ಮರೆತುಬಿಡು ಎಂದು ಬ್ಯಾಂಕಿಗೆ ತಾನೇ ಹೇಳಿಕಳಿಸುತ್ತದೆ. ನಮ್ಮದನ್ನು ನಾವು ಆಫ್ ಮಾಡಿ ಅದರ ಬಾಯಿಯನ್ನೇ ಮುಚ್ಚಿದ್ದೆವು.

"ಕಿಟಕಿ ಬಿಡಬೇಡಿ. ಹಿಂದಿನೋರು ಬೈದ್ರೂ ನಿಂತೇ ಇರಿ," ಎಂದೆ ಫೋನಿನಲ್ಲಿ.

ಮಷೀನನ್ನು ಡ್ರಾಯರಿನಿಂದ ತೆಗೆದು ಗುಂಡಿ ಒತ್ತಿದೆ. ಅದು ಆಕಳಿಸುತ್ತ ಎದ್ದಂತೆ ಎದ್ದಿತು. ಸಿಗ್ನಲ್ ಬರಲಿಲ್ಲ. ಚಿಕ್ಕಮ್ಮ ನನ್ನ ಕೈಯಿಂದ ಕಿತ್ತುಕೊಂಡು ಬೀದಿಗೆ ಓಡಿದಳು. ಮಗುವಿಗೆ ಚಂದಮಾಮನನ್ನು ತೋರಿಸುವವಳಂತೆ ಮಷೀನನ್ನು ಮೇಲಕ್ಕೆತ್ತಿ ನಿಂತಳು. ಹಾದುಹೋಗುವವರು ತಿರುಗಿ ನೋಡಿದರು. ಕೊನೆಗೆ ಅದು ಕೀಂ ಎಂದು ಒಂದು ತುಂಡು ಕಾಗದ ಉಗುಳಿತು: ಹಿಂದಿನ ವ್ಯವಹಾರ ರದ್ದು.

ಈಗ ಕೊಟ್ಟು ನೋಡಿ ಎಂದೆ. ಫೋನಿನಲ್ಲಿ ಗದ್ದಲ, ಯಾರದೋ ಗೊಣಗಾಟ. ಒಪ್ಪಲಿಲ್ಲ. ಇನ್ನೊಮ್ಮೆ ಕೊಡಿ ಎಂದೆ. ಆಮೇಲೆ ಕಾಗದ ಹರಿದ ಸದ್ದು.

"ಬಂತು ಬಂತು," ಎಂದವರೇ ಫೋನಿಟ್ಟರು.

ಚಿಕ್ಕಮ್ಮ ಏದುಸಿರು ಬಿಡುತ್ತ ಒಳಗೆ ಬಂದಳು. "ನಿಮ್ಮ ಮೇಷ್ಟ್ರು ಇನ್ನೇನೇನು ಹೇಳಿದ್ರೇ?"

"ಆಮೇಲಿಂದು ಗೊತ್ತಿಲ್ಲ. ನಿದ್ದೆ ಬಂದಿತ್ತು."

ಅವಳು ನಗಲಿಲ್ಲ. ಖಾಲಿ ಕನ್ನಡಕದ ಡಬ್ಬಿಗಳನ್ನು ಒಂದೊಂದಾಗಿ ತಂದು, ಇನ್ನೇನೂ ಹಿಡಿಸದಂತೆ ಆ ಡ್ರಾಯರಿಗೆ ತುಂಬತೊಡಗಿದಳು.